ಜನವರಿಯಲ್ಲಿ ಅಂಗಡಿಗೆ ಬಂದ ಬೇಸಿಗೆ

ಜಪಾನಿನ ಹಾಡುಗಾರ ತತ್ಸುರೊ ಯಾಮಾಶಿತಾ ಅವರ ‘ಫಾರ್ ಯೂ’ ಆಲ್ಬಂ ಬಗ್ಗೆ ಯಾರೇ ಬರೆದರೂ ಅದೇ ನಾಲ್ಕು ಮಾತು ಬರುತ್ತವೆ. ಬೇಸಿಗೆ, ಸಮುದ್ರ, ತಂಗಾಳಿ, ಕಾರಿನ ಕಿಟಕಿ. ಕೇಳಿದರೆ ಹಾಗೆ ಅನ್ನಿಸುವುದೂ ನಿಜವೇ. ಆದರೆ ಈ ಎಲ್‌ಪಿ ಅಂಗಡಿಗೆ ಬಂದದ್ದು 1982ರ ಜನವರಿ 21ಕ್ಕೆ. ಜನವರಿಯ ಟೋಕಿಯೋದಲ್ಲಿ ಬೆಳಗ್ಗೆ ಹೊರಗೆ ಹೋದರೆ ಬೆರಳು ಮರಗಟ್ಟುತ್ತದೆ. ಅಂಥ ಚಳಿಯಲ್ಲಿ ಕೋಟು ಹಾಕಿಕೊಂಡು ಹೋಗಿ ಜನ ಈ ಬೇಸಿಗೆಯನ್ನು ಕೊಂಡು ತಂದರು. ಜಪಾನಿನಲ್ಲಿ ರೆಕಾರ್ಡ್ ಮಾರಾಟದ ಲೆಕ್ಕ ಇಡುವ ಆರಿಕಾನ್ ಪಟ್ಟಿಯಲ್ಲಿ ಅದು ಮೊದಲನೇ ಸ್ಥಾನಕ್ಕೂ ಏರಿತು.

ಆ ತಂಗಾಳಿ ಮಾತಿನ ಮೇಲೆ ನನಗೆ ಸ್ವಲ್ಪ ತಕರಾರಿದೆ. ನಾನು ಬೇಸ್ ಗಿಟಾರ್ ನುಡಿಸುವವಳು. ಹೊಟ್ಟೆಪಾಡಿಗೆ ಬೇರೆ ಕೆಲಸ, ಇದು ಶನಿವಾರದ ಹುಚ್ಚು. ಈ ಹಾಡುಗಳ ಬೇಸ್ ಭಾಗವನ್ನು ಕಲಿಯಲು ಕೂತವರಿಗೆ ಬೇಗ ಗೊತ್ತಾಗುತ್ತದೆ, ಇಲ್ಲಿ ಯಾವುದೂ ತಾನಾಗಿ ಬೀಸಿದ್ದಲ್ಲ ಅಂತ. ಪ್ರತಿಯೊಂದು ಸ್ವರವನ್ನೂ ಯಾರೋ ಕೂತು, ಬೆವರು ಸುರಿಸಿ, ಮತ್ತೆ ಮತ್ತೆ ಅಳಿಸಿ ಕೂರಿಸಿದ್ದಾರೆ. ಆ ಕೆಲಸದ ಕತೆ ಹೇಳಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಅದು ಶುರುವಾಗುವುದು ಒಂದು ಕ್ಯಾಸೆಟ್ ಜಾಹೀರಾತಿನಿಂದ.

ಅದಕ್ಕೂ ಸ್ವಲ್ಪ ಹಿಂದೆ ಹೋಗೋಣ. ಯಾಮಾಶಿತಾ ಹುಟ್ಟಿದ್ದು 1953ರಲ್ಲಿ, ಟೋಕಿಯೋದಲ್ಲೇ. ಶಾಲೆಯ ಬ್ರಾಸ್ ಬ್ಯಾಂಡ್‌ನಲ್ಲಿ ತಾಳವಾದ್ಯ ಬಾರಿಸಿದ ಹುಡುಗ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1972ರಲ್ಲಿ ಗೆಳೆಯರ ಜೊತೆ ಸೇರಿ ಅಮೆರಿಕದ ಬೀಚ್ ಬಾಯ್ಸ್ ತಂಡದ ಹಾಡುಗಳನ್ನೆಲ್ಲ ಹಾಡಿ, ಸ್ವಂತ ದುಡ್ಡಲ್ಲಿ ನೂರು ಪ್ರತಿ ರೆಕಾರ್ಡ್ ಮಾಡಿಸಿದರು. ಆಮೇಲೆ ತಾಯೆಕೊ ಓನುಕಿ ಮುಂತಾದವರ ಜೊತೆ ಶುಗರ್ ಬೇಬ್ ಎಂಬ ಬ್ಯಾಂಡ್ ಕಟ್ಟಿದರು. 1975ರಲ್ಲಿ ಹಾಡುಗಾರ ಎಇಚಿ ಓತಾಕಿ ಅವರ ನಯಾಗರಾ ಲೇಬಲ್ಲಿನಿಂದ ‘ಸಾಂಗ್ಸ್’ ಎಂಬ ಆಲ್ಬಂ ಬಂತು. ಅದನ್ನು ಮಾರುತ್ತಿದ್ದ ಎಲೆಕ್ ಕಂಪನಿ ಬೇಗನೇ ಮುಳುಗಿತು. 1976ರಲ್ಲಿ ಬ್ಯಾಂಡೂ ಮುಗಿಯಿತು.

ಒಬ್ಬರೇ ಹಾಡುವುದಕ್ಕೆ ಶುರು ಮಾಡಿದಾಗ ಅವರು ಹೋದದ್ದು ಅಮೆರಿಕಕ್ಕೆ. 1976ರ ‘ಸರ್ಕಸ್ ಟೌನ್’ ಎಲ್‌ಪಿಯ ಒಂದು ಬದಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾಯಿತು, ಇನ್ನೊಂದು ಲಾಸ್ ಏಂಜಲೀಸಿನಲ್ಲಿ. ನ್ಯೂಯಾರ್ಕಿನ ಬದಿಗೆ ಅಮೆರಿಕದ ಫೋರ್ ಸೀಸನ್ಸ್ ಹಾಡು ತಂಡದ ಜೊತೆ ಕೆಲಸ ಮಾಡಿದ್ದ ಚಾರ್ಲಿ ಕಲೆಲ್ಲೊ ಅವರೇ ಬೇಕು ಎಂದು ಕೇಳಿಕೊಂಡು ಹೋಗಿದ್ದರು. ಆಸೆ ಇದ್ದದ್ದು ಅಷ್ಟು ದೊಡ್ಡದು. ಮಾರಾಟ ಮಾತ್ರ ಆಗಲಿಲ್ಲ. ಮುಂದಿನ ಎರಡು ಮೂರು ವರ್ಷ ಅವರು ಬದುಕಿದ್ದು ಜಾಹೀರಾತಿಗೆ ಹಾಡು ಕಟ್ಟಿ, ಬೇರೆಯವರ ರೆಕಾರ್ಡಿಗೆ ಹಿಂದೆ ನಿಂತು ಕೋರಸ್ ಹಾಡಿ. 1978ರ ‘ಗೋ ಅಹೆಡ್!’ ಮಾಡುವಾಗ ಇದೇ ತನ್ನ ಕೊನೆಯ ಆಲ್ಬಂ ಇರಬಹುದು ಎಂದುಕೊಂಡಿದ್ದರಂತೆ.

ಅದೇ ಆಲ್ಬಂನಲ್ಲಿ ‘ಬಾಂಬರ್’ ಎಂಬ ಹಾಡಿದೆ. ಸಿಂಗಲ್ ರೆಕಾರ್ಡಿನ ಹಿಂಬದಿಗೆ ತಳ್ಳಿದ್ದ ಹಾಡು. ಅದನ್ನು ಒಸಾಕಾದ ಡಿಸ್ಕೋಗಳಲ್ಲಿ ಹಾಕಲು ಶುರು ಮಾಡಿದರು. ಹೆಬ್ಬೆರಳಿನಿಂದ ತಂತಿಗೆ ಹೊಡೆದು, ತೋರುಬೆರಳಿನಿಂದ ಎಳೆದು ಬಿಡುವ ಸ್ಲ್ಯಾಪ್ ಬೇಸ್ ಅದರ ಮೈಯೆಲ್ಲ ತುಂಬಿದೆ. ಟೋಕಿಯೋದವರು ಇವರನ್ನು ಇಂಪಾದ ಪಾಪ್ ಹಾಡುಗಾರ ಎಂದುಕೊಂಡಿದ್ದ ಕಾಲಕ್ಕೆ ಒಸಾಕಾದವರು ಇವರ ಹಾಡಿಗೆ ಕುಣಿಯುತ್ತಿದ್ದರು. ಜನ ಕುಣಿಯುವುದಾದರೆ ಇನ್ನೂ ಗಟ್ಟಿಯಾಗಿ ಕುಣಿಸೋಣ ಅನ್ನುವ ದಾರಿ ಅಲ್ಲಿಂದ ಶುರುವಾಯಿತು ಅನ್ನುವುದು ನನ್ನ ಲೆಕ್ಕ. ಬೇಸ್ ನುಡಿಸುವವಳು ಇನ್ನೇನು ಹೇಳುತ್ತಾಳೆ ಅಂತ ನೀವು ನಗಬಹುದು, ನಗಿ.

ಈಗ ಕ್ಯಾಸೆಟ್ ವಿಷಯ. 1980ರಲ್ಲಿ ಮ್ಯಾಕ್ಸೆಲ್ ಕಂಪನಿ ತನ್ನ ಖಾಲಿ ಕ್ಯಾಸೆಟ್‌ಗಳ ಟಿವಿ ಜಾಹೀರಾತಿಗೆ ಇವರ ‘ರೈಡ್ ಆನ್ ಟೈಮ್’ ಹಾಡನ್ನು ತೆಗೆದುಕೊಂಡಿತು. ಬರೀ ಹಾಡನ್ನಲ್ಲ, ಹಾಡುಗಾರರನ್ನೂ ಸಮುದ್ರದ ನೀರಲ್ಲಿ ನಿಲ್ಲಿಸಿ ತೋರಿಸಿತು. ಉದ್ದ ಕೂದಲು, ಟಿವಿಗೆ ಹೇಳಿ ಮಾಡಿಸಿದ ಮುಖವೇನೂ ಅಲ್ಲ. ಆದರೂ ದೇಶಕ್ಕೆಲ್ಲ ಆ ದನಿ ಹೋಗಿ ಮುಟ್ಟಿತು. ಸಿಂಗಲ್ ಮೂರನೇ ಸ್ಥಾನಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಅದೇ ಹೆಸರಿನ ಆಲ್ಬಂ ಬಂದು ಮೊದಲನೇ ಸ್ಥಾನಕ್ಕೆ ಹೋಯಿತು.

ಹಾಡುಗಾರನ ಕೈಗೆ ದುಡ್ಡು ಬಂದರೆ ಏನು ಮಾಡುತ್ತಾನೆ? ಇವರು ಮಾಡಿದ್ದು ನನಗೆ ತುಂಬಾ ಇಷ್ಟವಾದ ಕೆಲಸ. ತನ್ನದೇ ಒಂದು ಖಾಯಂ ತಂಡ ಇಟ್ಟುಕೊಂಡರು. ಆ ಕಾಲದ ಟೋಕಿಯೋ ಸ್ಟುಡಿಯೋಗಳಲ್ಲಿ ಒಳ್ಳೊಳ್ಳೆಯ ವಾದಕರಿದ್ದರು, ಆದರೆ ಅವರನ್ನು ಗಂಟೆ ಲೆಕ್ಕದಲ್ಲಿ ಕರೆಸಬೇಕಿತ್ತು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಬಂದು, ಕಾಗದ ನೋಡಿ, ತಪ್ಪಿಲ್ಲದೆ ನುಡಿಸಿ, ಮುಂದಿನ ಸ್ಟುಡಿಯೋಗೆ ಓಡುತ್ತಿದ್ದರು. ಆ ರೀತಿಯಲ್ಲಿ ಪಾಪ್ ಹಾಡು ಚೆನ್ನಾಗಿಯೇ ಆಗುತ್ತದೆ. ಮೈ ಕುಣಿಸುವ ತಾಳದ ಫಂಕ್ ಆಗುವುದು ಕಷ್ಟ. ಫಂಕ್‌ನಲ್ಲಿ ಎಲ್ಲರೂ ಸರಿಯಾಗಿ ನುಡಿಸಿದರೆ ಸಾಲದು, ಒಬ್ಬರು ಎಷ್ಟು ತಡ ಮಾಡುತ್ತಾರೆ ಅನ್ನುವುದು ಇನ್ನೊಬ್ಬರ ಮೈಗೆ ಗೊತ್ತಿರಬೇಕು. ಅದು ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ.

ತಂಡ ಹೀಗಿತ್ತು. ಡ್ರಮ್ಸ್‌ಗೆ ಜುನ್ ಅಓಯಾಮಾ, ಬೇಸ್‌ಗೆ ಕೋಕಿ ಇತೊ, ಗಿಟಾರಿಗೆ ತ್ಸುನೆಹಿದೆ ಮತ್ಸುಕಿ, ಕೀಬೋರ್ಡಿಗೆ ಹಿರೊಯುಕಿ ನಂಬಾ. ಅಓಯಾಮಾ ಹುಟ್ಟಿದ್ದು 1957ರಲ್ಲಿ, ಅಂದರೆ ‘ಫಾರ್ ಯೂ’ ಧ್ವನಿಮುದ್ರಣದ ಹೊತ್ತಿಗೆ ಇನ್ನೂ ಇಪ್ಪತ್ತನಾಲ್ಕರ ಆಸುಪಾಸು. ಆ ವಯಸ್ಸಿಗೆ ಆ ಭಾರದ ಹೊಡೆತ ಎಲ್ಲಿಂದ ಬಂತೋ. ಸ್ನೇರ್ ಡ್ರಮ್ಮಿಗೆ ಎರಡನೇ ಮತ್ತು ನಾಲ್ಕನೇ ಏಟು ಬೀಳುವಾಗ ಒಂದು ಚೂರೂ ಅವಸರ ಇಲ್ಲ. ಸುಮ್ನೆ ಕೇಳಿದರೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಜೊತೆಗೆ ನುಡಿಸಲು ಹೋದಾಗ ಗೊತ್ತಾಗುತ್ತದೆ, ನಾವೇ ಮುಂದೆ ಮುಂದೆ ಓಡುತ್ತಿದ್ದೇವೆ ಅಂತ.

ಕೋಕಿ ಇತೊ ಅವರ ಬೇಸ್ ಬಗ್ಗೆ ನಾನು ಇಲ್ಲಿ ಹತ್ತು ಪುಟ ಬರೆಯಬಲ್ಲೆ. ಬರೆಯುವುದಿಲ್ಲ, ಹೆದರಬೇಡಿ. ಒಂದೇ ಮಾತು. ಅವರು ಸ್ವರವನ್ನು ಶುರು ಮಾಡುವುದಕ್ಕಿಂತ ನಿಲ್ಲಿಸುವುದರಲ್ಲಿ ಜಾಣರು. ಬೇಸ್ ಕಲಿಯುವವರು ಯಾವ ಸ್ವರ ಎಂದು ಹುಡುಕುತ್ತಾರೆ. ಈ ಆಲ್ಬಂನಲ್ಲಿ ಹುಡುಕಬೇಕಾದದ್ದು ಸ್ವರ ಎಲ್ಲಿ ಮುಗಿಯುತ್ತದೆ ಎಂಬುದನ್ನು. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ, ಒತ್ತಡ ಮಾತ್ರ ಸಡಿಲಿಸಿ ದನಿಯನ್ನು ಸಾಯಿಸುವುದು. ಆ ಖಾಲಿ ಜಾಗಕ್ಕೆ ಸರಿಯಾಗಿ ಸ್ನೇರ್ ಬಂದು ಬೀಳುತ್ತದೆ. ಎರಡು ವಾದ್ಯ ಒಂದೇ ಕೈಯಲ್ಲಿ ನುಡಿಸಿದ ಹಾಗೆ ಕೇಳುವುದು ಇದಕ್ಕೇ. ಸ್ವರ ಒಂದಿಷ್ಟು ಉದ್ದವಾದರೂ ಸ್ನೇರ್ ಮಂಕಾಗುತ್ತದೆ. ‘ಲವ್ ಟಾಕಿನ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಬರೀ ಇದಕ್ಕಾಗಿ ಒಮ್ಮೆ ಕೇಳಿ. ಹಾಡುಗಾರಿಕೆಯನ್ನು ಮರೆತುಬಿಡಿ, ಕಷ್ಟ, ಆದರೂ ಮರೆತುಬಿಡಿ.

ಆಲ್ಬಂ ಶುರುವಾಗುವುದು ‘ಸ್ಪಾರ್ಕಲ್’ ಹಾಡಿನಿಂದ. ಅದು ಶುರುವಾಗುವುದು ಒಂದೇ ಒಂದು ಗಿಟಾರಿನಿಂದ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಮತ್ಸುಕಿಯಂಥ ಗಿಟಾರಿಸ್ಟ್ ಪಕ್ಕದಲ್ಲೇ ಇದ್ದರೂ ಇದನ್ನು ನುಡಿಸಿದ್ದು ಯಾಮಾಶಿತಾ ಅವರೇ. ಅವರ ಕಂದು ಬಣ್ಣದ ಟೆಲಿಕ್ಯಾಸ್ಟರ್ ಗಿಟಾರ್ ಇಲ್ಲಿ ಜಪಾನಿನ ಅಭಿಮಾನಿಗಳಿಗೆ ದೇವರ ಪಟ ಇದ್ದ ಹಾಗೆ. ಇಲ್ಲಿಯ ಗಿಟಾರಿನವರು ಈ ಬಗೆಯ ವಾದನಕ್ಕೆ ಕಟಿಂಗ್ ಅನ್ನುತ್ತಾರೆ. ಬಲಗೈ ಒಂದು ಆವರ್ತಕ್ಕೆ ಹದಿನಾರು ಸಲ ಮೇಲೆ ಕೆಳಗೆ ಆಡುತ್ತಲೇ ಇರಬೇಕು, ತಂತಿ ಮುಟ್ಟಲಿ ಬಿಡಲಿ. ಯಾವುದು ಕೇಳಬೇಕು ಯಾವುದು ಕೇಳಬಾರದು ಎಂದು ತೀರ್ಮಾನಿಸುವುದು ಎಡಗೈ. ಒತ್ತಿದರೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಮಿನುಗುತ್ತದೆ, ಸಡಿಲಿಸಿದರೆ ಚಿಕ್ ಎಂಬ ಸದ್ದು ಮಾತ್ರ. ತಾಳವಾದ್ಯ ಬಾರಿಸಿದ ಹುಡುಗ ಅಂದೆನಲ್ಲ, ಆ ಹುಡುಗ ಇಲ್ಲಿ ಸಿಗುತ್ತಾನೆ. ಅವರ ಕೈಯಲ್ಲಿ ಗಿಟಾರ್ ಒಂದು ಚರ್ಮವಾದ್ಯ, ಸ್ವರ ಬರುವುದು ಅದರ ಜೊತೆಗೆ ಸಿಕ್ಕ ಲಾಭ.

ಈ ಮಾತು ಬರೀ ಕೇಳಿ ಹೇಳುತ್ತಿಲ್ಲ. ಟೋಕಿಯೋ ಪಕ್ಕದ ಕವಾಸಾಕಿಯಲ್ಲಿ ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಸಿಗುವ ಒಂದು ಪ್ರಾಕ್ಟೀಸ್ ಸ್ಟುಡಿಯೋದಲ್ಲಿ ನಾವು ನಾಲ್ಕು ಜನ ಸೇರುತ್ತೇವೆ. ನಮ್ಮ ಗಿಟಾರಿನ ಹುಡುಗ ರಾಕ್ ಹಿನ್ನೆಲೆಯವನು, ಬೆರಳು ಚುರುಕು, ಸೋಲೋ ಕೊಟ್ಟರೆ ಮನೆ ಹಾರಿಸುತ್ತಾನೆ. ‘ಸ್ಪಾರ್ಕಲ್’ ಶುರುವಿನ ಆ ಕೆಲವು ಆವರ್ತ ಅವನಿಗೆ ಆಗಿಬರುತ್ತಿರಲಿಲ್ಲ. ಕಾರ್ಡ್ ಎಲ್ಲ ಸರಿ, ವೇಗ ಸರಿ, ಆದರೂ ಏನೋ ಕುಂಟುತ್ತಿತ್ತು. ನಮ್ಮ ಡ್ರಮ್ಸ್‌ನವರಿಗೆ ಅರವತ್ತು ದಾಟಿದೆ, ಮಾತು ಕಡಿಮೆ. ಅವರು ಎದ್ದು ಬಂದು ಆಂಪ್ಲಿಫೈಯರಿನ ದನಿಯನ್ನು ಪೂರ್ತಿ ಇಳಿಸಿದರು. ‘ಈಗ ನುಡಿಸು’ ಅಂದರು. ಬರೀ ತಂತಿಗೆ ಪಿಕ್ ತಾಗುವ ಸದ್ದು ಉಳಿಯಿತು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು, ಬಲಗೈ ಪ್ರತಿ ಕಾರ್ಡ್ ಬದಲಾದಾಗ ಒಂದು ಕ್ಷಣ ನಿಲ್ಲುತ್ತಿತ್ತು. ಕೈ ನಿಲ್ಲಿಸಬಾರದು, ಅಷ್ಟೇ. ಅಷ್ಟೇ ಅನ್ನುವುದನ್ನು ಮೈಗೆ ಹತ್ತಿಸಿಕೊಳ್ಳಲು ಅವನಿಗೆ ಮಳೆಗಾಲ ಪೂರ್ತಿ ಬೇಕಾಯಿತು.

ಹಾಡಿನ ಮಾತುಗಳ ವಿಷಯಕ್ಕೆ ಬಂದರೆ ‘ಸ್ಪಾರ್ಕಲ್’ ಮತ್ತು ‘ಲವ್ ಟಾಕಿನ್’ ಬರೆದದ್ದು ಮಿನಾಕೊ ಯೊಶಿದಾ. ಅವರೇ ದೊಡ್ಡ ಹಾಡುಗಾರ್ತಿ, ಫಂಕ್ ಹಾಡುವುದರಲ್ಲಿ ಯಾರಿಗೂ ಕಮ್ಮಿ ಇಲ್ಲ. ಜೊತೆಗೆ ಈ ಆಲ್ಬಂನ ಮುಖ್ಯ ಮಿಕ್ಸಿಂಗ್ ಎಂಜಿನಿಯರ್ ತಮೊತ್ಸು ಯೊಶಿದಾ ಈ ಮಿನಾಕೊ ಅವರ ಅಣ್ಣ. ತಂಗಿಯ ಮಾತು, ಅಣ್ಣನ ಕಿವಿ. ಎಂಜಿನಿಯರುಗಳನ್ನು ಯಾರೂ ನೆನೆಯುವುದಿಲ್ಲ. ಆದರೆ ಬೇಸ್ ಇಷ್ಟು ದಪ್ಪಗಿದ್ದೂ ದನಿಯ ಕಾಲಿಗೆ ಸಿಕ್ಕಿಕೊಳ್ಳದೆ ಇರುವುದು ಅವರ ಕೈಚಳಕ.

1981ರ ಕೆಲಸ ಅಂದರೆ ಟೇಪಿನ ಕೆಲಸ. ಎರಡು ಇಂಚು ಅಗಲದ ಟೇಪು, ಅದರಲ್ಲಿ ಇಪ್ಪತ್ತನಾಲ್ಕು ಸಾಲು. ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ತುತ್ತೂರಿಗಳು, ತಂತಿವಾದ್ಯ, ಎಲ್ಲಕ್ಕೂ ಅಷ್ಟರಲ್ಲೇ ಜಾಗ ಮಾಡಬೇಕು. ಇದರ ಮೇಲೆ ಇವರ ಕೋರಸ್ ಹುಚ್ಚು. 1980ರ ಕೊನೆಗೆ ‘ಆನ್ ದ ಸ್ಟ್ರೀಟ್ ಕಾರ್ನರ್’ ಎಂಬ ಆಲ್ಬಂನಲ್ಲಿ ಹಳೆಯ ಅಮೆರಿಕನ್ ಡೂ-ವಾಪ್ ಹಾಡುಗಳನ್ನು (ಹಲವು ದನಿ ಬೆರೆಸಿ ಹಾಡುವಂಥವು) ವಾದ್ಯವೇ ಇಲ್ಲದೆ, ಎಲ್ಲ ದನಿಗಳನ್ನೂ ತಾವೊಬ್ಬರೇ ಹಾಡಿ ಒಂದರ ಮೇಲೊಂದು ಪೇರಿಸಿದ್ದರು. ಆ ಅಭ್ಯಾಸವೆಲ್ಲ ‘ಫಾರ್ ಯೂ’ಗೆ ಬಂದಿದೆ. ಜಾಗ ಸಾಲದಿದ್ದರೆ ನಾಲ್ಕೈದು ಸಾಲು ದನಿಯನ್ನು ಬೆರೆಸಿ ಎರಡು ಸಾಲಿಗೆ ಇಳಿಸುವುದು ಆ ಕಾಲದ ರೂಢಿ. ಒಮ್ಮೆ ಬೆರೆಸಿದ ಮೇಲೆ ಬೇರೆ ಮಾಡಲು ಬರುವುದಿಲ್ಲ. ಈಗಿನ ಹಾಗೆ ಹಿಂದೆ ಹೋಗುವ ಗುಂಡಿ ಇಲ್ಲ. ತೀರ್ಮಾನ ಆಗಲೇ, ಅಲ್ಲೇ.

ಎರಡೂ ಬದಿಯ ಹಾಡುಗಳ ನಡುವೆ ಚಿಕ್ಕ ಚಿಕ್ಕ ಇಂಟರ್‌ಲ್ಯೂಡ್‌ಗಳಿವೆ, ಒಟ್ಟು ನಾಲ್ಕು. ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಇವು ಬೇಕಿತ್ತಾ ಅಂತ ಕೆಲವರು ಕೇಳುತ್ತಾರೆ. ಬೇಕು. ಇವು ಇಲ್ಲದಿದ್ದರೆ ಇದು ಒಳ್ಳೆಯ ಹಾಡುಗಳ ಕಂತೆ ಆಗುತ್ತಿತ್ತು. ಇವು ಇರುವುದರಿಂದ ಒಂದು ಬದಿ ಶುರುವಾದರೆ ಮುಗಿಯುವ ತನಕ ಏಳಲು ಮನಸ್ಸಾಗುವುದಿಲ್ಲ.

‘ಮಾರ್ನಿಂಗ್ ಗ್ಲೋರಿ’ ಮೊದಲು ಹಾಡುಗಾರ್ತಿ ಮಾರಿಯಾ ತಾಕೆಉಚಿ ಅವರಿಗೆ ಕೊಟ್ಟ ಹಾಡು. ಅವರ 1980ರ ‘ಮಿಸ್ ಎಂ’ ಆಲ್ಬಂನಲ್ಲಿ ಬಂದಿತ್ತು. ಅದನ್ನೇ ಯಾಮಾಶಿತಾ ಇಲ್ಲಿ ತಮ್ಮ ಕೈಯಾರೆ ಮತ್ತೆ ಕಟ್ಟಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಅರೇಂಜ್‌ಮೆಂಟ್ ಎಂಬ ಕೆಲಸ ಏನೆಂದು ಯಾರೂ ಪಾಠ ಮಾಡಬೇಕಾಗಿಲ್ಲ. ಆಲ್ಬಂ ಬಂದ ಕೆಲವೇ ತಿಂಗಳಿಗೆ, ಏಪ್ರಿಲ್‌ನಲ್ಲಿ, ಇಬ್ಬರೂ ಮದುವೆಯಾದರು. ‘ಹೇ ರಿಪೋರ್ಟರ್!’ ಹಾಡು ಗಾಸಿಪ್ ವರದಿಗಾರರ ಮೇಲಿನ ಸಿಟ್ಟು. ಅದನ್ನು ಕೇಳುವಾಗ ಈ ತಾರೀಖು ನೆನಪಿದ್ದರೆ ಆ ಸಿಟ್ಟು ಸುಳ್ಳಿನದ್ದಲ್ಲ ಅನ್ನಿಸುತ್ತದೆ. ಆಲ್ಬಂನ ಅತಿ ಒರಟು ಫಂಕ್ ಇದೇ. ತಂಗಾಳಿ ಅನ್ನುವವರು ಇದನ್ನು ದಾಟಿ ಹೋಗುತ್ತಾರೆ, ಬಹುಶಃ ಬೇಕೆಂದೇ.

ಕೊನೆಯ ಹಾಡು ‘ಯುವರ್ ಐಸ್’. ಪೂರ್ತಿ ಇಂಗ್ಲಿಷ್, ಮಾತು ಬರೆದವರು ಅಮೆರಿಕದ ಅಲನ್ ಓಡೇ. 1977ರಲ್ಲಿ ಅವರದೇ ಒಂದು ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಹಾಡು ಚೆನ್ನಾಗಿದೆ. ನನಗೆ ಅಷ್ಟೇನೂ ಅಲ್ಲ. ಬೇಸ್‌ಗೆ ಕೆಲಸ ಕಡಿಮೆ.

ಬಿ ಸೈಡಿನ ಮೊದಲ ಹಾಡು ‘ಲವ್‌ಲ್ಯಾಂಡ್, ಐಲ್ಯಾಂಡ್’. ಸಂಟೋರಿ ಬಿಯರಿನ ಜಾಹೀರಾತಿಗೆ ಬಳಸಿದ ಹಾಡು. ಬಿಯರ್, ದ್ವೀಪ, ಬೇಸಿಗೆ, ಸಾಂಬಾ ತಾಳ. ಸಿಂಗಲ್ ಆಗಿ ಹೊರಬಂದಿದ್ದರೆ ಏನಾಗುತ್ತಿತ್ತೋ. ಆದರೆ ಅದು ಸಿಂಗಲ್ ಆದದ್ದು ಇಪ್ಪತ್ತು ವರ್ಷ ಕಳೆದು, 2002ರಲ್ಲಿ, ಒಂದು ಟಿವಿ ಧಾರಾವಾಹಿಗೆ ಬಂದ ಮೇಲೆ. 1982ರಲ್ಲಿ ಆ ಹಾಡು ಬೇಕು ಅನ್ನುವವರು ಇಡೀ ಆಲ್ಬಂ ಕೊಳ್ಳಬೇಕಿತ್ತು. ಸಿಂಗಲ್ ಆಸರೆ ಇಲ್ಲದೆ ಒಂದು ಎಲ್‌ಪಿ ಮೊದಲ ಸ್ಥಾನಕ್ಕೆ ಹೋಯಿತು ಅನ್ನುವುದನ್ನು ಸ್ವಲ್ಪ ಯೋಚಿಸಿ ನೋಡಿ. ಜನ ಹಾಡು ಕೊಳ್ಳಲು ಬರಲಿಲ್ಲ, ಆಲ್ಬಂ ಕೊಳ್ಳಲು ಬಂದರು.

ಹೊದಿಕೆಯ ಚಿತ್ರಕ್ಕೂ ಅದರಲ್ಲಿ ಪಾಲಿದೆ. ಎಯಿಜಿನ್ ಸುಝುಕಿ ಬರೆದದ್ದು. ಅಮೆರಿಕದ ರಸ್ತೆ ಬದಿಯ ಕಟ್ಟಡ, ಅಚ್ಚ ನೀಲಿ ಆಕಾಶ, ಕತ್ತರಿಸಿ ಅಂಟಿಸಿದಂಥ ಚೂಪು ನೆರಳು. ಹಾಡುಗಾರರ ಮುಖವೇ ಇಲ್ಲ. ಹಿಂದಿನ ವರ್ಷ ಓತಾಕಿಯವರ ‘ಎ ಲಾಂಗ್ ವೆಕೇಶನ್’ ಬಂದಾಗಲೂ ಹೀಗೇ, ಹಿರೋಶಿ ನಾಗಾಯ್ ಬರೆದ ಈಜುಕೊಳದ ಚಿತ್ರ. ಸುಝುಕಿಯವರ ಚಿತ್ರಗಳು 1981ರಲ್ಲಿ ಶುರುವಾದ ‘ಎಫ್‌ಎಂ ಸ್ಟೇಶನ್’ ಪತ್ರಿಕೆಯ ಮುಖಪುಟದಲ್ಲೂ ಬರುತ್ತಿದ್ದವು. ರೇಡಿಯೋದಲ್ಲಿ ಯಾವ ಹೊತ್ತಿಗೆ ಯಾವ ಹಾಡು ಎಂದು ಮೊದಲೇ ಅಚ್ಚು ಹಾಕುತ್ತಿದ್ದ ಪತ್ರಿಕೆ ಅದು. ಯಾಕೆ ಗೊತ್ತಲ್ವಾ? ಸರಿಯಾದ ಹೊತ್ತಿಗೆ ಕ್ಯಾಸೆಟ್ ಹಾಕಿ ರೆಕಾರ್ಡ್ ಗುಂಡಿ ಒತ್ತುವುದಕ್ಕೆ.

ಹೀಗೆ ಮತ್ತೆ ಕ್ಯಾಸೆಟ್‌ಗೆ ಬಂದೆವು. ಎಲ್‌ಪಿಯ ಬೆಲೆ 2,800 ಯೆನ್. ವಿದ್ಯಾರ್ಥಿಗಳಿಗೆ ಅದು ಸಣ್ಣ ಮೊತ್ತವಲ್ಲ. ಆದರೆ 1980ರಲ್ಲಿ ಟೋಕಿಯೋದ ಪಶ್ಚಿಮಕ್ಕಿರುವ ಮಿತಾಕಾದಲ್ಲಿ ಒಬ್ಬ ಕಾಲೇಜು ಹುಡುಗ ರೆಕಾರ್ಡ್ ಬಾಡಿಗೆಗೆ ಕೊಡುವ ಅಂಗಡಿ ತೆರೆದಿದ್ದ. ಒಂದೆರಡು ವರ್ಷದಲ್ಲಿ ಅಂಥ ಅಂಗಡಿಗಳು ಊರೂರಿಗೆ ಹಬ್ಬಿದವು. ಕೊಳ್ಳುವ ಬೆಲೆಯ ಸಣ್ಣ ಪಾಲು ಕೊಟ್ಟು ಎಲ್‌ಪಿ ತರುವುದು, ರಾತ್ರಿ ಕ್ಯಾಸೆಟ್‌ಗೆ ಇಳಿಸಿಕೊಳ್ಳುವುದು, ಬೆಳಗ್ಗೆ ವಾಪಸ್. ಕ್ಯಾಸೆಟ್ ಕಂಪನಿಗಳು 46 ನಿಮಿಷದ ಟೇಪು ಮಾರುತ್ತಿದ್ದದ್ದೇ ಒಂದು ಎಲ್‌ಪಿ ಹಿಡಿಯಲಿ ಅಂತ, ಒಂದೊಂದು ಬದಿಗೆ 23 ನಿಮಿಷ. ‘ಫಾರ್ ಯೂ’ ಅದರಲ್ಲಿ ಸಲೀಸಾಗಿ ಕೂರುತ್ತದೆ. ಸೋನಿಯ ವಾಕ್‌ಮನ್ 1979ರ ಜುಲೈನಲ್ಲೇ 33,000 ಯೆನ್‌ಗೆ ಬಂದಿತ್ತು. ರೆಕಾರ್ಡ್ ಕಂಪನಿಗಳು ಕೋರ್ಟಿಗೆ ಹೋದವು. ಕೊನೆಗೆ 1984ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಮಾಡಿ ಬಾಡಿಗೆಯ ಹಕ್ಕನ್ನು ಸೇರಿಸಿದರು.

ನಮ್ಮ ಡ್ರಮ್ಸ್‌ನವರು ಆಗ ಕಾಲೇಜಿನಲ್ಲಿದ್ದರು. ಅವರೂ ಬಾಡಿಗೆಗೆ ತಂದು ಇಳಿಸಿಕೊಂಡವರೇ. ಯಾವ ಟೇಪಿಗೆ ಎಂದು ಕೇಳಿದೆ. ‘ಮ್ಯಾಕ್ಸೆಲ್. ಇನ್ಯಾವುದು?’ ಅಂದರು. ಅದೇ ಹಾಡುಗಾರ ಟಿವಿಯಲ್ಲಿ ನಿಂತು ಮಾರಿದ ಟೇಪು, ಅದಕ್ಕೇ ಅವರದೇ ಆಲ್ಬಂನ ನಕಲು! ಆ ಜಾಹೀರಾತಿನ ಗೆಲುವಿನಿಂದ ತಂಡ ನಿಂತಿತು, ತಂಡದಿಂದ ಆಲ್ಬಂ ಆಯಿತು, ಆಲ್ಬಂ ಮತ್ತೆ ಹೋಗಿ ಆ ಟೇಪಿಗೇ ಸೇರಿತು. ನಾನು ಇದನ್ನು ಹೇಳಿ ನಕ್ಕಾಗ ಅವರು ಸ್ವಲ್ಪ ನಾಚಿಕೊಂಡರು.

‘ಫಾರ್ ಯೂ’ ಬಂದ 1982ರಲ್ಲೇ ಅಕ್ಟೋಬರ್ 1ಕ್ಕೆ ಸಿಡಿ ಪ್ಲೇಯರ್ ಮಾರುಕಟ್ಟೆಗೆ ಬಂತು, ಸೋನಿಯದ್ದು, 1,68,000 ಯೆನ್. ಅದೇ ದಿನ ಬಂದ ಮೊದಲ ಸಿಡಿಗಳಲ್ಲಿ ‘ಎ ಲಾಂಗ್ ವೆಕೇಶನ್’ ಕೂಡ ಇತ್ತು. ‘ಫಾರ್ ಯೂ’ ಹುಟ್ಟಿದ್ದು ಎಲ್‌ಪಿಗೆಂದೇ. ಎಲ್‌ಪಿಯ ಒಳಗಿನ ಸುತ್ತುಗಳಿಗೆ ಹೋದಂತೆ ಮೇಲಿನ ದನಿ ಮಂಕಾಗುತ್ತದೆ. ಅದಕ್ಕೇ ಮಿನುಗುವ ಹಾಡು ಹೊರಗೆ, ನಿಧಾನದ ಹಾಡು ಒಳಗೆ ಎಂದು ಜೋಡಿಸುವುದು ಹಳಬರ ರೂಢಿ. ‘ಸ್ಪಾರ್ಕಲ್’ ಮೊದಲು, ‘ಫುತಾರಿ’ ಕೊನೆಗೆ. ಇನ್ನೊಂದು ಬದಿಯಲ್ಲಿ ‘ಲವ್‌ಲ್ಯಾಂಡ್’ ಮೊದಲು, ‘ಯುವರ್ ಐಸ್’ ಕೊನೆಗೆ. ಸಾಲು ಹೇಗೆ ಕೂತಿದೆ ನೋಡಿ.

ಯಾಮಾಶಿತಾ ಅವರ ರೆಕಾರ್ಡ್ ಕಂಪನಿಯಾಗಿದ್ದ ಆರ್‌ವಿಸಿಗೆ ಇದು ಅವರ ಕೊನೆಯ ಹೊಸ ಸ್ಟುಡಿಯೋ ಆಲ್ಬಂ. ಜುಲೈನಲ್ಲಿ ಅಲ್ಲಿಂದ ಹಳೆಯ ಹಾಡುಗಳ ಸಂಗ್ರಹ ಬಂತು. ಮುಂದಿನ ವರ್ಷ ಮೂನ್ ಎಂಬ ಹೊಸ ಲೇಬಲ್ಲಿನಿಂದ ‘ಮೆಲೊಡೀಸ್’ ಬಂತು. ಅದರಲ್ಲಿ ಬೇಸಿಗೆ ಕಡಿಮೆಯಾಗಿ, ಮನಸ್ಸಿನ ಮಾತು ಜಾಸ್ತಿಯಾಯಿತು. ಒಳ್ಳೆಯ ಆಲ್ಬಂ. ಆದರೆ ಅದು ಬೇರೆ ಮನುಷ್ಯ.

ಆ ಕಾಲದ ಜಪಾನಿನ ಇಂಥ ಹಾಡುಗಳಿಗೆ ಈಗ ಜಗತ್ತೆಲ್ಲ ಸಿಟಿ ಪಾಪ್ ಎನ್ನುತ್ತದೆ. ತಾಕೆಉಚಿ ಅವರ 1984ರ ‘ಪ್ಲಾಸ್ಟಿಕ್ ಲವ್’ ಹಾಡು 2017ರ ಹೊತ್ತಿಗೆ ಯೂಟ್ಯೂಬ್‌ನಲ್ಲಿ ಎಲ್ಲರ ಮುಂದೆ ತಾನಾಗಿ ಬರತೊಡಗಿತು. ಅದನ್ನು ಕಟ್ಟಿದ್ದು ಇದೇ ಯಾಮಾಶಿತಾ, ನುಡಿಸಿದ್ದು ಇದೇ ಅಓಯಾಮಾ ಮತ್ತು ಇತೊ. ನಾನೂ ಈ ಬಾಗಿಲಿಂದಲೇ ಒಳಗೆ ಬಂದವಳು. ಆದರೆ ಯಾಮಾಶಿತಾ ಅವರ ಆಲ್ಬಂಗಳು ಸ್ಟ್ರೀಮಿಂಗ್‌ನಲ್ಲಿ ಇಲ್ಲ. ಅವರಿಗೆ ಇಷ್ಟವಿಲ್ಲ. ಹಟಮಾರಿ ಎಂದು ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಭಾನುವಾರ ಮಧ್ಯಾಹ್ನ ಎರಡಕ್ಕೆ ಟೋಕಿಯೋ ಎಫ್‌ಎಂ ಹಾಕಿದರೆ ಅವರು ತಮ್ಮ ಮನೆಯ ಹಳೆಯ ರೆಕಾರ್ಡುಗಳನ್ನು ಹಾಕಿ ಮಾತಾಡುವುದು ಕೇಳುತ್ತದೆ. 1992ರಿಂದ ನಡೆದಿರುವ ಕಾರ್ಯಕ್ರಮ. ಅರವತ್ತು ವರ್ಷ ಹಳೆಯ ಸಿಂಗಲ್ ಕೂಡ ಅಲ್ಲಿ ಗಟ್ಟಿಯಾಗಿ, ತುಂಬಿ ಕೇಳುತ್ತದೆ, ಯಾಕೆಂದರೆ ಪ್ರಸಾರಕ್ಕೆ ಮುಂಚೆ ಅವರೇ ಕೂತು ದನಿ ಸರಿಮಾಡಿರುತ್ತಾರೆ. ಬೇರೆಯವರ ಹಾಡಿಗೇ ಅಷ್ಟು ಮಾಡುವವರು ತಮ್ಮ ಹಾಡನ್ನು ಹೇಗೆಂದರೆ ಹಾಗೆ ಬಿಡುತ್ತಾರಾ?

2013ರ ಡಿಸೆಂಬರ್ 3ಕ್ಕೆ ಜುನ್ ಅಓಯಾಮಾ ತೀರಿಕೊಂಡರು. ಅದೇ ತಿಂಗಳ 30ಕ್ಕೆ ಎಇಚಿ ಓತಾಕಿ. ಶುಗರ್ ಬೇಬ್ ರೆಕಾರ್ಡ್ ತಂದವರು, ಅತಿ ಒಳ್ಳೆಯ ರೆಕಾರ್ಡಿಗೆ ಡ್ರಮ್ಸ್ ಬಾರಿಸಿದವರು, ಇಬ್ಬರೂ ಒಂದೇ ತಿಂಗಳು. ಕೋಕಿ ಇತೊ ಆಮೇಲೂ ಯಾಮಾಶಿತಾ ಪಕ್ಕದಲ್ಲಿ ಬೇಸ್ ನುಡಿಸುತ್ತಾ ಬಂದಿದ್ದಾರೆ.

2023ರಲ್ಲಿ ಆ ಕಾಲದ ಆಲ್ಬಂಗಳನ್ನೆಲ್ಲ ಹೊಸದಾಗಿ ಸರಿಮಾಡಿ, 180 ಗ್ರಾಂ ತೂಕದ ಎಲ್‌ಪಿಗಳಾಗಿ ಮತ್ತೆ ತಂದರು. ಸಾಲಿನಲ್ಲಿ ಮೊದಲು ಬಂದದ್ದು ‘ಫಾರ್ ಯೂ’, ಮೇ 3ಕ್ಕೆ. ಎಲ್‌ಪಿ ಜೊತೆ ಕ್ಯಾಸೆಟ್ ಕೂಡ! ನಮ್ಮ ಡ್ರಮ್ಸ್‌ನವರು ಎಲ್‌ಪಿ ಬಿಟ್ಟು ಕ್ಯಾಸೆಟ್ಟನ್ನೇ ಕೊಂಡರು. ‘41 ವರ್ಷದ ಬಾಕಿ ತೀರಿಸಿದೆ’ ಅಂದರು. ಅದೇ ಬೇಸಿಗೆ, ಜುಲೈ 2ಕ್ಕೆ, ನಕಾನೊ ಸನ್ ಪ್ಲಾಜಾ ಸಭಾಂಗಣ ಮುಚ್ಚಿತು. 1973ರಲ್ಲಿ ತೆರೆದದ್ದು, 2,222 ಆಸನ. ಕೊನೆಯ ಕಛೇರಿ ಯಾಮಾಶಿತಾ ಅವರದೇ. ಟಿಕೆಟ್ ಲಾಟರಿಗೆ ನಾವೆಲ್ಲ ಹೆಸರು ಹಾಕಿದ್ದೆವು. ಯಾರಿಗೂ ಬರಲಿಲ್ಲ, ಬಿಡಿ.

ಕೇಳಬೇಕು ಅನ್ನುವವರಿಗೆ: ಹಳೆಯ ಎಲ್‌ಪಿಗೆ ಈಗ ಬೆಲೆ ಜಾಸ್ತಿ, ಅದರ ಹಿಂದೆ ಬೀಳಬೇಡಿ. 2002ರಲ್ಲಿ ಬಂದ ಸಿಡಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತದೆ, ದನಿ ಚೆನ್ನಾಗಿದೆ. ಎಲ್‌ಪಿಯೇ ಬೇಕು ಅಂದರೆ 2023ರದ್ದು ತೆಗೆದುಕೊಳ್ಳಿ. ಎಲ್ಲರೂ ಹೇಳುವ ಹಾಗೆ ‘ಸ್ಪಾರ್ಕಲ್’ನಿಂದ ಶುರು ಮಾಡಿದರೆ ತಪ್ಪೇನಿಲ್ಲ. ನಾನಾದರೆ ತಟ್ಟೆ ತಿರುಗಿಸಿ, ‘ಲವ್ ಟಾಕಿನ್’ ಮೇಲೆ ಮುಳ್ಳು ಇಡಿ ಅನ್ನುತ್ತೇನೆ. ಬೇಸ್ ಸ್ವಲ್ಪ ಜಾಸ್ತಿ ಮಾಡಿಕೊಂಡು.